ಅಂತಾಲ್ಯದ ಬೆನ್ನಿಗಿರುವ ಮೂರು ಬೆಟ್ಟದ ಉದ್ಯಾನಗಳು: ನಿಮಗೆ ಯಾವುದು?

ಕ್ರಿಸ್ತಪೂರ್ವ 334-333ರ ಚಳಿಗಾಲದಲ್ಲಿ ಅಲೆಕ್ಸಾಂಡರ್ ಇಂದಿನ ಟರ್ಕಿಯ ದಕ್ಷಿಣ ಕರಾವಳಿಗೆ ಬಂದಾಗ ಅಲ್ಲಿನ ಮೂರು ಊರುಗಳು ಮೂರು ಬಗೆಯಲ್ಲಿ ನಡೆದುಕೊಂಡವು. ಸಮುದ್ರದಂಚಿನ ಫಸೆಲಿಸ್ ಚಿನ್ನದ ಕಿರೀಟ ಕಳುಹಿಸಿ ಬರಮಾಡಿಕೊಂಡಿತು. ಬೆಟ್ಟದ ಮೇಲಿನ ಟೆರ್ಮೆಸ್ಸೋಸ್ ದಾರಿಗೆ ಅಡ್ಡ ನಿಂತಿತು. ಟೆರ್ಮೆಸ್ಸೋಸನ್ನು ಕಂಡರಾಗದ ಸೆಲ್ಗೆ, ಇದೇ ಸರಿಯಾದ ಹೊತ್ತೆಂದು ದೂತರನ್ನು ಕಳುಹಿಸಿ ಸ್ನೇಹದ ಒಪ್ಪಂದ ಮಾಡಿಕೊಂಡಿತು. ಈ ಮೂರು ಊರುಗಳ ಅವಶೇಷಗಳು ಇಂದು ಮೂರು ರಾಷ್ಟ್ರೀಯ ಉದ್ಯಾನಗಳೊಳಗೆ ಪೈನ್ ಮರಗಳ ನಡುವೆ ಬಿದ್ದಿವೆ. ಮೂರಕ್ಕೂ ಅಂತಾಲ್ಯ ನಗರದಿಂದ ಹೋಗಿ ಒಂದೇ ದಿನದಲ್ಲಿ ಮರಳಬಹುದು. ಆದರೆ ಒಂದು ದಿನಕ್ಕೆ ಒಂದೇ.

ಅಂತಾಲ್ಯಕ್ಕೆ ಹೋಗುವವರು ಸಾಮಾನ್ಯವಾಗಿ ಕಡಲನ್ನು ನೋಡಲು ಹೋಗುತ್ತಾರೆ. ಕಡಲಿಗೆ ಬೆನ್ನು ಹಾಕಿ ತೋರಸ್ ಪರ್ವತಗಳ ಕಡೆಗೆ ತಿರುಗಿದವರಿಗಾಗಿ ಈ ಬರಹ. ಗ್ಯುಲ್ಯುಕ್ ಬೆಟ್ಟದ ಟೆರ್ಮೆಸ್ಸೋಸ್ ಉದ್ಯಾನ 1970ರಲ್ಲಿ, ಒಲಿಂಪೋಸ್-ಬೇದಾಲರಿ 1972ರಲ್ಲಿ, ಕ್ಯೋಪ್ರುಲು ಕಣಿವೆ 1973ರಲ್ಲಿ ರಾಷ್ಟ್ರೀಯ ಉದ್ಯಾನಗಳಾದವು. ಮೊದಲನೆಯದು ಚಿಕ್ಕದು, ಸುಮಾರು 6,700 ಹೆಕ್ಟೇರ್. ಉಳಿದೆರಡು ಅದರ ನಾಲ್ಕೈದು ಪಟ್ಟು ದೊಡ್ಡವು. ಗಾತ್ರ ನೋಡಿ ಆಯ್ಕೆ ಮಾಡಿದರೆ ತಪ್ಪುತ್ತೀರಿ. ನಿಮ್ಮ ಮೊಣಕಾಲು ಹೇಗಿದೆ, ಕಾರು ಇದೆಯೇ, ಜೊತೆಗೆ ಯಾರಿದ್ದಾರೆ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು.

ಪ್ರಾಣಿಗಳ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಂಡೀಪುರ, ನಾಗರಹೊಳೆಗಳ ಸಫಾರಿಯ ಅಭ್ಯಾಸ ಇರುವವರು ಆ ನಿರೀಕ್ಷೆಯನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು. ಇಲ್ಲಿ ಜೀಪಿನಲ್ಲಿ ಕೂರಿಸಿಕೊಂಡು ಪ್ರಾಣಿ ತೋರಿಸುವ ಏರ್ಪಾಡಿಲ್ಲ. ಮೆಡಿಟರೇನಿಯನ್ ಬೆಟ್ಟಗಳಲ್ಲಿ ಪ್ರಾಣಿಗಳಿಗಿಂತ ಅವುಗಳ ಗುರುತುಗಳೇ ಹೆಚ್ಚು ಕಾಣುತ್ತವೆ: ಕಾಡುಹಂದಿ ಮೂತಿಯಿಂದ ಉತ್ತ ಮಣ್ಣು, ಬಂಡೆಯ ಮೇಲಿನ ಹಿಕ್ಕೆ, ಎಲ್ಲೋ ಮೇಲಿನಿಂದ ಉರುಳಿಬಂದ ಒಂದು ಕಲ್ಲು. ತಲೆ ಎತ್ತಿ ನೋಡುವಷ್ಟರಲ್ಲಿ ಆ ಕಲ್ಲನ್ನು ಉರುಳಿಸಿದ ಕಾಡುಮೇಕೆ ಹೋಗಿರುತ್ತದೆ. ಈ ಕಾಡುಮೇಕೆಯೇ ಜಗತ್ತಿನ ಎಲ್ಲ ಸಾಕುಮೇಕೆಗಳ ಮೂಲ. ನಮ್ಮೂರ ಸಂತೆಯಲ್ಲಿ ಕಟ್ಟಿಹಾಕಿರುವ ಹೋತದ ವಂಶವೃಕ್ಷವನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಇಂಥದೇ ಯಾವುದೋ ಪಶ್ಚಿಮ ಏಷ್ಯಾದ ಬೆಟ್ಟಕ್ಕೆ ಬಂದು ನಿಲ್ಲುತ್ತೇವೆ.

ಟೆರ್ಮೆಸ್ಸೋಸ್: ಅಡ್ಡ ನಿಂತ ಊರು

ಅಂತಾಲ್ಯದಿಂದ ವಾಯವ್ಯಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರ್. ಕೋರ್ಕುತೇಲಿಗೆ ಹೋಗುವ ಹೆದ್ದಾರಿಯಿಂದ ಎಡಕ್ಕೆ ತಿರುಗಿದರೆ ಉದ್ಯಾನದ ಬಾಗಿಲು, ಅಲ್ಲಿಂದ ಸುಮಾರು ಒಂಬತ್ತು ಕಿಲೋಮೀಟರ್ ಏರುದಾರಿ. ಕೋರ್ಕುತೇಲಿ ಬಸ್ಸು ಹತ್ತಿದರೆ ಅದು ಬಾಗಿಲ ಬಳಿ ಇಳಿಸಿ ಮುಂದೆ ಹೋಗುತ್ತದೆ, ಆ ಒಂಬತ್ತು ಕಿಲೋಮೀಟರ್ ನಿಮ್ಮ ಪಾಲಿಗೆ ಉಳಿಯುತ್ತದೆ. ಮೂರು ಜಾಗಗಳಲ್ಲಿ ಹತ್ತಿರದ್ದು ಇದೇ, ಆದರೆ ಸ್ವಂತ ವಾಹನವೋ ಟ್ಯಾಕ್ಸಿಯೋ ಇಲ್ಲದವರಿಗೆ ಸುಲಭದ್ದಲ್ಲ.

ವಾಹನ ನಿಲ್ಲಿಸುವಲ್ಲೇ ರೋಮನ್ ಚಕ್ರವರ್ತಿ ಹೇಡ್ರಿಯನ್‌ಗೆ ಅರ್ಪಿಸಿದ ದೇವಾಲಯದ ಬಾಗಿಲುವಾಡ ಒಂಟಿಯಾಗಿ ನಿಂತಿದೆ. ಅಲ್ಲಿಂದ ಕಾಲ್ನಡಿಗೆ. ಕಲ್ಲು ತುಂಬಿದ ಕಾಲುದಾರಿ, ಎರಡೂ ಕಡೆ ಮುಳ್ಳಿನ ಪೊದೆ, ನಡುನಡುವೆ ಕೆಂಪು ತೊಗಟೆ ಸುಲಿದುಕೊಂಡು ನಿಂತ ಅರ್ಬ್ಯುಟಸ್ ಮರಗಳು. ಮೊದಲು ಊರಿನ ಕೆಳಗಿನ ಕೋಟೆಗೋಡೆ, ಆಮೇಲೆ ಅರ್ಧ ಕಾಡು ನುಂಗಿದ ವ್ಯಾಯಾಮಶಾಲೆ, ಕೊನೆಗೆ ಸಾವಿರ ಮೀಟರಿಗೂ ಮೇಲಿನ ರಂಗಮಂದಿರ. ನಾಲ್ಕು ಸಾವಿರದಷ್ಟು ಜನ ಕೂರುತ್ತಿದ್ದ ಮೆಟ್ಟಿಲುಗಳ ಎದುರಿಗೆ ಬರಿಯ ಬೆಟ್ಟ. ಹವೆ ತಿಳಿಯಾಗಿದ್ದರೆ ದೂರದಲ್ಲಿ ಅಂತಾಲ್ಯದ ಕೊಲ್ಲಿಯ ನೀಲಿ. ಚಾರಣದ ರೂಢಿ ಇಲ್ಲದವರೂ ಗಂಟೆಯೊಳಗೆ ಇಲ್ಲಿಗೆ ತಲುಪಬಹುದು, ಗಟ್ಟಿ ಬೂಟು ಇರಬೇಕು ಅಷ್ಟೇ. ಚಪ್ಪಲಿ ಮೆಟ್ಟಿ ಏರುವವರನ್ನು ನೋಡಿದ್ದೇನೆ. ಅವರು ಇಳಿಯುವುದನ್ನೂ ನೋಡಿದ್ದೇನೆ, ಕುಳಿತುಕೊಂಡು ಇಳಿಯುತ್ತಿದ್ದರು.

ಇಲ್ಲಿನ ಜನ ತಮ್ಮನ್ನು ಸೋಲಿಮರು ಎಂದು ಕರೆದುಕೊಳ್ಳುತ್ತಿದ್ದರು. ಹೋಮರನ ಇಲಿಯಡ್‌ನಲ್ಲಿಯೇ ಅವರ ಹೆಸರಿದೆ: ಬೆಲ್ಲೆರೋಫೋನ್ ಎಂಬ ವೀರ ಬೆಂಕಿಯುಗುಳುವ ಕಿಮೇರಾವನ್ನು ಕೊಂದು ಆಮೇಲೆ ಸೋಲಿಮರ ಮೇಲೆ ಯುದ್ಧಕ್ಕೆ ಹೋದ. ಆ ಕಿಮೇರಾ ಎಲ್ಲಿತ್ತೆಂಬುದು ಎರಡನೆಯ ಉದ್ಯಾನದಲ್ಲಿ ಬರುತ್ತದೆ. 333ರಲ್ಲಿ ಅಲೆಕ್ಸಾಂಡರ್ ಬಂದಾಗ ಇವರು ಕಣಿವೆಯ ಎರಡೂ ಮಗ್ಗುಲನ್ನು ಹಿಡಿದು ಕುಳಿತರು. ಅವನು ದಾರಿ ಬಿಡಿಸಿಕೊಂಡನೇ ಹೊರತು ಊರನ್ನು ಹಿಡಿಯಲಿಲ್ಲ, ಬಿಟ್ಟು ಸಗಲಾಸ್ಸೋಸ್ ಎಂಬ ಇನ್ನೊಂದು ಊರಿನ ಕಡೆಗೆ ನಡೆದ. ಗೋಡೆಗಿಂತ ಈ ಬೆಟ್ಟವೇ ಊರನ್ನು ಕಾಯಿತು ಎಂಬುದು ಹತ್ತಿ ನೋಡಿದವರ ಕಾಲಿಗೆ ಗೊತ್ತಾಗುತ್ತದೆ.

ಅಲೆಕ್ಸಾಂಡರ್ ಸತ್ತ ಮೇಲಿನ ಒಂದು ಕಥೆ ಇನ್ನೂ ಕಟುವಾದದ್ದು. ಅವನ ಸೇನಾನಿಗಳು ಒಬ್ಬರ ಮೇಲೊಬ್ಬರು ಬಿದ್ದಾಗ, 319ರಲ್ಲಿ, ಅಲ್ಕೆಟಾಸ್ ಎಂಬವನು ಆಂಟಿಗೋನಸ್‌ನಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದು ಆಶ್ರಯ ಪಡೆದ. ಊರಿನ ಯುವಕರು ಅವನ ಪರ. ಹಿರಿಯರಿಗೆ ಊರು ಉಳಿದರೆ ಸಾಕು. ಯುವಕರು ಹೊರಗೆ ಕಾದಾಡಲು ಹೋದ ಹೊತ್ತು ನೋಡಿ ಹಿರಿಯರು ಅವನನ್ನು ಹಿಡಿದುಕೊಡಲು ಹೊರಟರು, ಅಲ್ಕೆಟಾಸ್ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ವೈರಿಗಳು ಅವಮಾನಿಸಿ ಬಿಸುಟು ಹೋದ ಹೆಣವನ್ನು ತಂದು ಮರ್ಯಾದೆಯಿಂದ ಮಣ್ಣು ಮಾಡಿದವರು ಆ ಯುವಕರೇ. ಅವನದೆಂದು ಗುರುತಿಸಲಾದ ಬಂಡೆಯ ಗೋರಿಯಲ್ಲಿ ಕುದುರೆ ಸವಾರನೊಬ್ಬನ ಉಬ್ಬುಶಿಲ್ಪ ಮಾಸಿದಂತೆ ಉಳಿದಿದೆ. ಹೆಚ್ಚಿನವರು ರಂಗಮಂದಿರ ನೋಡಿ ಇಳಿದುಬಿಡುತ್ತಾರೆ, ಗೋರಿಯ ಕವಲುದಾರಿಯಲ್ಲಿ ನಿಮಗೆ ಯಾರೂ ಎದುರಾಗದಿರಬಹುದು.

ಮೇಲ್ಭಾಗದ ಸ್ಮಶಾನವನ್ನು ಬಿಡಬೇಡಿ. ಭೂಕಂಪಕ್ಕೂ ನಿಧಿಗಳ್ಳರಿಗೂ ಸಿಕ್ಕಿ ಮಗುಚಿಬಿದ್ದ ಕಲ್ಲಿನ ಶವಪೆಟ್ಟಿಗೆಗಳು ಇಳಿಜಾರಿನ ತುಂಬ. ಗೋರಿ ಕೆಡಿಸಿದವರು ಸೋಲಿಮರ ಜ್ಯೂಸ್ ದೇವರಿಗೆ ಇಂತಿಷ್ಟು ದಂಡ ತೆರಬೇಕೆಂದು ಬರೆದ ಶಾಸನಗಳು ಅವುಗಳ ಮೇಲಿವೆ. ದಂಡ ವಸೂಲಾದಂತೆ ಕಾಣುವುದಿಲ್ಲ. ಈ ಊರಿನಲ್ಲಿ ಬಹುಕಾಲ ದೊಡ್ಡ ಪ್ರಮಾಣದ ಉತ್ಖನನ ನಡೆಯಲಿಲ್ಲ, ಬಿದ್ದದ್ದರಲ್ಲಿ ಹೆಚ್ಚಿನದು ಬಿದ್ದಲ್ಲೇ ಇದೆ. ನನಗೆ ಈ ಜಾಗ ಹಿಡಿಸಲು ಅದೇ ಕಾರಣ. ಕೆಲವರಿಗೆ ಹಿಡಿಸದಿರಲೂ ಅದೇ ಕಾರಣ. ಊರಿನ ಸಂತೆಬಯಲಾಗಿದ್ದ ಅಗೋರಾದ ಬಳಿ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳು ಬಾಯಿ ತೆರೆದುಕೊಂಡಿವೆ. ಮಕ್ಕಳ ಕೈ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ಕಲ್ಲಿನ ಸಂದಿಗೆ ಕೈ ಹಾಕಬೇಡಿ, ವಿಷದ ವೈಪರ್ ಹಾವುಗಳಿರುವ ನಾಡು ಇದು.

ಕಾಡಿನ ಲೆಕ್ಕದಲ್ಲಿಯೂ ಟೆರ್ಮೆಸ್ಸೋಸ್ ಮುಂದಿದೆ. ಪಕ್ಕದ ದ್ಯುಜ್ಲೆರ್‌ಚಾಮಿ ಕಾಡು, ಫ್ಯಾಲೋ ಜಿಂಕೆ ಟರ್ಕಿಯಲ್ಲಿ ತನ್ನ ಮೂಲನೆಲೆಯಲ್ಲಿ ಉಳಿದುಕೊಂಡ ಕೊನೆಯ ತಾಣ. ಬೇಸಿಗೆಯಲ್ಲಿ ಮೈಮೇಲೆ ಬಿಳಿ ಚುಕ್ಕೆ ಮೂಡುವುದರಿಂದ ದೂರದಿಂದ ನಮ್ಮ ಚುಕ್ಕೆ ಜಿಂಕೆಯೇ ಎನಿಸುತ್ತದೆ. ಗಂಡಿನ ಕೊಂಬು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ನಮ್ಮದರ ಕೊಂಬು ಕವಲೊಡೆದ ಕೋಲಿನಂತೆ, ಇದರದು ಬಿಚ್ಚಿದ ಅಂಗೈಯಂತೆ. ಕಾಣುವುದು ಅದೃಷ್ಟ. ಹಕ್ಕಿಗಳಿಗೆ ಅದೃಷ್ಟ ಬೇಕಿಲ್ಲ, ತಾಳ್ಮೆ ಸಾಕು. ಪೈನ್ ಮರದ ಕಾಂಡದಲ್ಲಿ ತಲೆಕೆಳಗಾಗಿ ಇಳಿಯುವ, ಎದೆಯ ಮೇಲೆ ಕಂದುಗೆಂಪು ಮಚ್ಚೆಯ ಕ್ರೂಪರ್ ನಟ್‌ಹ್ಯಾಚ್ ನೋಡಲೆಂದೇ ಯುರೋಪಿನಿಂದ ಪಕ್ಷಿಪ್ರಿಯರು ಬರುತ್ತಾರೆ. ಅದರ ದಾಯಾದಿ ಬಂಡೆಯ ನಟ್‌ಹ್ಯಾಚ್, ಕಲ್ಲಿನ ಗೋಡೆಗೆ ಮಣ್ಣಿನ ಹೂಜಿಯಂಥ ಗೂಡು ಮೆತ್ತುತ್ತದೆ. ಅದಕ್ಕೆ ಬಂಡೆಯೂ ಒಂದೇ, ರೋಮನ್ ಗೋಡೆಯೂ ಒಂದೇ.

ಮೇಲೆ ನೀರಿಲ್ಲ, ಅಂಗಡಿಯಿಲ್ಲ. ಒಬ್ಬರಿಗೆ ಎರಡು ಲೀಟರ್ ಹೊತ್ತುಕೊಳ್ಳಿ.

ಒಲಿಂಪೋಸ್-ಬೇದಾಲರಿ: ಬರಮಾಡಿಕೊಂಡ ಊರು, ಉರಿಯುವ ಕಲ್ಲು

ಮೊದಲು ಒಂದು ಗೊಂದಲ ಕಳೆಯೋಣ. ಇದು ಗ್ರೀಸಿನ ದೇವತೆಗಳ ಒಲಿಂಪಸ್ ಅಲ್ಲ. ಪ್ರಾಚೀನರು ಹಲವು ಬೆಟ್ಟಗಳಿಗೆ ಆ ಹೆಸರಿಟ್ಟಿದ್ದರು, ಇದು ಈ ಕರಾವಳಿಯ ಪ್ರಾಚೀನ ಲಿಕಿಯಾ ನಾಡಿನದು. ಉದ್ಯಾನ ಕರಾವಳಿಗುಂಟ ಉದ್ದಕ್ಕೆ ಹಬ್ಬಿದೆ, ಒಂದು ದಿನದಲ್ಲಿ ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟವರು ಬಸ್ಸಿನ ಕಿಟಕಿಯನ್ನೇ ಹೆಚ್ಚು ನೋಡುತ್ತಾರೆ.

ವಯಸ್ಸಾದ ತಂದೆತಾಯಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಎರಡು ಮಾತಿಲ್ಲದೆ ಇಲ್ಲಿಗೇ ಬನ್ನಿ. ಫಸೆಲಿಸ್ ಸಮತಟ್ಟು. ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ರೋಡ್ಸ್ ದ್ವೀಪದವರು ಕಟ್ಟಿದ ಊರು, ಮೂರು ಬಂದರುಗಳದ್ದು. ನೆಲವನ್ನು ಕುರಿಗಾಹಿಯೊಬ್ಬನಿಂದ ಒಣಮೀನು ಕೊಟ್ಟು ಕೊಂಡರೆಂದು ಹಳೆಯ ಕಥೆ. ಪೈನ್ ಮರಗಳ ನೆರಳಿನಲ್ಲಿ ಕಲ್ಲುಹಾಸಿನ ಬೀದಿ ಒಂದು ಬಂದರಿನಿಂದ ಇನ್ನೊಂದಕ್ಕೆ ನೇರ ಹೋಗುತ್ತದೆ, ದಣಿದವರು ನೀರಿಗಿಳಿಯಬಹುದು. ಇಲ್ಲಿ ಚಳಿಗಾಲ ಕಳೆದ ಅಲೆಕ್ಸಾಂಡರ್, ಊರಿನವನಾದ ಕವಿ ಥಿಯೋಡೆಕ್ಟೀಸನ ಪ್ರತಿಮೆಗೆ ಕುಡಿದ ಅಮಲಿನಲ್ಲಿ ಹೂಮಾಲೆ ಹಾಕಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಟೆರ್ಮೆಸ್ಸೋಸಿನಲ್ಲಿ ಸಿಗದ ಉಪಚಾರ ಇಲ್ಲಿ ಧಾರಾಳವಾಗಿ ಸಿಕ್ಕಿತ್ತು.

ಎತ್ತರ ಬೇಕು, ಹತ್ತಲಾಗದು ಎನ್ನುವವರಿಗೆ ತಹ್ತಾಲಿ ಬೆಟ್ಟಕ್ಕೆ ರೋಪ್‌ವೇ ಇದೆ. 2007ರಿಂದ ನಡೆಯುತ್ತಿದೆ, ಉದ್ದ 4,350 ಮೀಟರ್. ಕಡಲ ತೀರದಿಂದ ಸ್ವಲ್ಪವೇ ಒಳಗಿನಿಂದ ಹೊರಟು 2,365 ಮೀಟರಿನ ತುದಿಗೆ ಮುಟ್ಟಿಸುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ನಾನೂರು ಮೀಟರಿಗೂ ಹೆಚ್ಚು ಮೇಲೆ. ಕೆಳಗೆ ಸೆಖೆ ಇದ್ದ ದಿನವೂ ಮೇಲೆ ಸ್ವೆಟರ್ ಬೇಕಾಗುತ್ತದೆ. ಮೋಡ ಕವಿದ ದಿನ ದುಡ್ಡು ದಂಡ, ಟಿಕೆಟ್ ಕೊಳ್ಳುವ ಮೊದಲು ತುದಿ ಕಾಣುತ್ತಿದೆಯೇ ಎಂದು ಕತ್ತೆತ್ತಿ ನೋಡಿ.

ಈ ಉದ್ಯಾನದ ನಿಜವಾದ ಒಡವೆ ಚಿರಾಲಿ ಹಳ್ಳಿಯ ಮೇಲಿನ ಯನಾರ್‌ತಾಶ್. ಹೆಸರಿನ ಅರ್ಥವೇ ಉರಿಯುವ ಕಲ್ಲು. ಕಾಡಿನ ನಡುವಿನ ಬೋಳು ಬಂಡೆಯ ಬಿರುಕುಗಳಿಂದ ಹತ್ತಾರು ಕಡೆ ಬೆಂಕಿ ಏಳುತ್ತದೆ. ಕನಿಷ್ಠ ಎರಡು ಸಾವಿರ ವರ್ಷಗಳಿಂದ ಉರಿಯುತ್ತಿದೆ, ರೋಮಿನ ಬರಹಗಾರ ಪ್ಲಿನಿ ಇದನ್ನು ಉಲ್ಲೇಖಿಸಿದ್ದಾನೆ. ಹೋಮರನ ಕಿಮೇರಾ ಇದೇ ಎಂದು ನಂಬಿಕೆ: ಬೆಲ್ಲೆರೋಫೋನ್ ಕೊಂದು ನೆಲದಡಿಗೆ ತಳ್ಳಿದ ಪ್ರಾಣಿ ಇನ್ನೂ ಉಸಿರಾಡುತ್ತಿದೆಯಂತೆ. ವಿಜ್ಞಾನದ ಕಥೆಯೂ ಕಡಿಮೆಯದಲ್ಲ. ಸಾಮಾನ್ಯವಾಗಿ ನೆಲದಡಿಯ ಮೀಥೇನ್ ಕೊಳೆತ ಜೀವರಾಶಿಯಿಂದ ಹುಟ್ಟುವಂಥದ್ದು. ಇಲ್ಲಿ ಅದರ ದೊಡ್ಡದೊಂದು ಪಾಲು ಹುಟ್ಟುವುದು ಬಂಡೆ ಮತ್ತು ನೀರಿನ ರಾಸಾಯನಿಕ ಕ್ರಿಯೆಯಿಂದ. ಒಂದು ಕಾಲದಲ್ಲಿ ಕಡಲ ತಳದಡಿಯಲ್ಲಿದ್ದ ಬಂಡೆ ನೀರಿನೊಡನೆ ಬೆರೆತು ಹೈಡ್ರೋಜನ್ ಬಿಡುತ್ತದೆ, ಅದು ಇಂಗಾಲದೊಡನೆ ಸೇರಿ ಮೀಥೇನ್ ಆಗುತ್ತದೆ. ಪಕ್ಕದಲ್ಲೇ ಬೆಂಕಿದೇವರು ಹೆಫೈಸ್ಟೋಸನ ದೇಗುಲದ ಕಲ್ಲುಗಳು. ಎಲ್ಲಿ ಬೆಂಕಿ ತಾನಾಗಿ ಉರಿಯುತ್ತದೆಯೋ ಅಲ್ಲೊಂದು ಗುಡಿ ಏಳುತ್ತದೆ, ಹಿಮಾಚಲದ ಜ್ವಾಲಾಮುಖಿ ದೇವಸ್ಥಾನಕ್ಕೆ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲಿನಲ್ಲಿ ಹೋದರೆ ಜ್ವಾಲೆ ಮಂಕು. ಸಂಜೆ ಟಾರ್ಚ್ ಹಿಡಿದು ಅರ್ಧ ಗಂಟೆ ಮೆಟ್ಟಿಲು ಹತ್ತಿ.

ಆ ಟಾರ್ಚನ್ನು ಇಳಿದ ಮೇಲೆ ಕಡಲ ತೀರಕ್ಕೆ ಒಯ್ಯಬೇಡಿ. ಚಿರಾಲಿಯ ಮರಳು ಲಾಗರ್‌ಹೆಡ್ ಕಡಲಾಮೆಗಳು ಮೊಟ್ಟೆಯಿಡುವ ಜಾಗ. ಬೇಸಿಗೆಯ ರಾತ್ರಿಗಳಲ್ಲಿ ಬೆಳಕು ಕಂಡರೆ ತಾಯಾಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ, ಮರಿಗಳು ನೀರಿನ ದಿಕ್ಕು ತಪ್ಪುತ್ತವೆ. ಹತ್ತಿರದ ಒಲಿಂಪೋಸ್ ಊರಿನ ಅವಶೇಷಗಳು ತೊರೆಯ ಎರಡು ದಂಡೆಗಳಲ್ಲಿ, ಕಣಗಿಲೆ ಪೊದೆಗಳ ನಡುವೆ ಇವೆ. ಹೌದು, ನಮ್ಮ ಹಿತ್ತಿಲ ಕಣಗಿಲೆಯೇ, ಇಲ್ಲಿ ಅದು ಹೊಳೆಯಂಚಿನ ಕಾಡುಗಿಡ.

ಬಸ್ಸಿನಲ್ಲಿ ಓಡಾಡುವವರಿಗೆ ಸುಲಭವಾದ ಉದ್ಯಾನವೂ ಇದೇ. ಅಂತಾಲ್ಯದಿಂದ ಕುಮ್ಲುಜಾ ಕಡೆಯ ಬಸ್ಸುಗಳು ಹೆದ್ದಾರಿಯಲ್ಲಿ ಇಳಿಸುತ್ತವೆ, ಅಲ್ಲಿಂದ ಚಿರಾಲಿಗೋ ಒಲಿಂಪೋಸಿಗೋ ದೋಲ್ಮುಷ್ ಎಂಬ ಚಿಕ್ಕ ವ್ಯಾನು. ಆ ಪದಕ್ಕೆ ತುಂಬಿದ್ದು ಎಂದರ್ಥ. ತುಂಬುವವರೆಗೆ ಹೊರಡುವುದಿಲ್ಲ, ನಮ್ಮ ಮ್ಯಾಕ್ಸಿಕ್ಯಾಬ್ ನೋಡಿದವರಿಗೆ ಹೊಸದೇನಲ್ಲ.

ಕ್ಯೋಪ್ರುಲು ಕಣಿವೆ ಮತ್ತು ಸೆಲ್ಗೆ: ಒಪ್ಪಂದ ಮಾಡಿಕೊಂಡ ಊರು

ಕ್ಯೋಪ್ರುಲು ಎಂದರೆ ಸೇತುವೆಯುಳ್ಳದ್ದು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮನ್ನರು ಕಣಿವೆಯ ಮೇಲೆ ಕಟ್ಟಿದ ಒಂಟಿ ಕಮಾನಿನ ಕಲ್ಲುಸೇತುವೆಯ ಮೇಲೆ ಇಂದಿಗೂ ಕಾರುಗಳು ದಾಟುತ್ತವೆ. ಕೆಳಗೆ ಹಸಿರು ನೀರು, ಮೇಲೆ ನಾನೂರು ಮೀಟರಿನವರೆಗೆ ಏಳುವ ಗೋಡೆಗಳು, ಹದಿನಾಲ್ಕು ಕಿಲೋಮೀಟರ್ ಉದ್ದದ ಕಣಿವೆ. ಬಂದವರಲ್ಲಿ ಹೆಚ್ಚಿನವರು ರಾಫ್ಟಿಂಗ್‌ಗೆ ಬರುತ್ತಾರೆ. ದಾಂಡೇಲಿಯ ಕಾಳಿ ನದಿಯಲ್ಲಿ ಹುಟ್ಟು ಹಾಕಿದವರಿಗೆ ಇಲ್ಲಿನ ಸೆಳವು ಸಪ್ಪೆ ಎನಿಸಬಹುದು. ಸುಣ್ಣಕಲ್ಲಿನ ಒರತೆಗಳ ನೀರಿನ ಚಳಿ ಮಾತ್ರ ಸಪ್ಪೆಯಲ್ಲ. ಬೇಸಿಗೆಯ ದಿನಗಳಲ್ಲಿ ಪ್ರವಾಸಿ ವ್ಯಾನುಗಳ ಗದ್ದಲ ನದಿಯ ಸದ್ದನ್ನೂ ಮೀರುತ್ತದೆ.

ಅವರು ನೀರಿನಲ್ಲಿದ್ದಾಗ ನೀವು ಸೇತುವೆ ದಾಟಿ ಮೇಲಕ್ಕೆ ಹೋಗಬೇಕು. ಹತ್ತು ಹನ್ನೆರಡು ಕಿಲೋಮೀಟರ್ ಸುರುಳಿ ದಾರಿಯ ಕೊನೆಯಲ್ಲಿ ಅಲ್ತಿನ್‌ಕಾಯಾ ಎಂಬ ಹಳ್ಳಿ, ಹಳ್ಳಿಯೊಳಗೇ ಸೆಲ್ಗೆ. ಸಾವಿರಾರು ಮಂದಿ ಕೂರುತ್ತಿದ್ದ ರಂಗಮಂದಿರದ ಬುಡದಲ್ಲಿ ಮನೆಗಳು, ಕೋಳಿಗಳು, ಗೋಧಿಯ ಹೊಲ. ಟೆರ್ಮೆಸ್ಸೋಸಿನಲ್ಲಿ ಜನ ಊರು ಬಿಟ್ಟು ಹೋದರು, ಇಲ್ಲಿ ಬೇರೆ ಜನ ಬಂದು ನೆಲೆಸಿದರು. ಹಂಪಿಯ ಹಳೆಯ ಬಜಾರಿನ ಮಂಟಪಗಳಲ್ಲಿ ಸಂಸಾರಗಳಿದ್ದ ದಿನಗಳನ್ನು ಕಂಡವರಿಗೆ ಈ ನೋಟ ಹತ್ತಿರದ್ದೆನಿಸುತ್ತದೆ. ಹಳ್ಳಿಯ ಹೆಂಗಸರು ಮಣಿಸರ, ಅಂಚುಹೆಣೆದ ಶಿರವಸ್ತ್ರ ಹಿಡಿದು ಜೊತೆಗೆ ನಡೆಯುತ್ತಾರೆ. ಒಂದಾದರೂ ಕೊಳ್ಳಿ.

ಭೂಗೋಳಕಾರ ಸ್ಟ್ರಾಬೋ ಸೆಲ್ಗೆಯ ಸ್ಟೈರಾಕ್ಸ್ ಮರಗಳನ್ನು ವಿವರಿಸಿದ್ದಾನೆ: ಹುಳು ಕೊರೆದ ಕಾಂಡದಿಂದ ಒಸರುವ ಅಂಟನ್ನು ಧೂಪಕ್ಕೆ ಬಳಸುತ್ತಿದ್ದರಂತೆ. ನಾವು ಸಂಜೆ ಕೆಂಡಕ್ಕೆ ಹಾಕುವ ಸಾಂಬ್ರಾಣಿ ಬರುವುದು ಇದೇ ಕುಲದ, ಆಗ್ನೇಯ ಏಷ್ಯಾದ ಮರಗಳಿಂದ. ಇಲ್ಲಿನ ಇನ್ನೊಂದು ಸಂಪತ್ತು ಸುಮಾರು ನಾನೂರು ಹೆಕ್ಟೇರಿನ ಸೈಪ್ರೆಸ್ ಕಾಡು. ಉದ್ಯಾನಗಳಲ್ಲಿ ಸಾಲಾಗಿ ನೆಟ್ಟ ಸೈಪ್ರೆಸ್ ಎಲ್ಲರೂ ನೋಡಿರುತ್ತಾರೆ, ತಾನೇ ಹುಟ್ಟಿ ಬೆಳೆದ ಸೈಪ್ರೆಸ್ ಕಾಡು ಇಷ್ಟು ದೊಡ್ಡದಾಗಿ ಸಿಗುವುದು ಅಪರೂಪ.

ಅಂತಾಲ್ಯದಿಂದ ನೂರು ಕಿಲೋಮೀಟರಿನಷ್ಟು ದೂರ, ಸೆಲ್ಗೆಯವರೆಗೆ ನೆಚ್ಚಬಹುದಾದ ಬಸ್ಸಿಲ್ಲ, ಬಾಡಿಗೆ ಕಾರೇ ಗತಿ. ಟರ್ಕಿಯಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಆ ಅಭ್ಯಾಸವನ್ನು ಮೊದಲ ಬಾರಿಗೆ ಈ ಸುರುಳಿ ದಾರಿಯಲ್ಲಿ ಮಾಡುವುದು ಬೇಡ.

ಹಾಗಾದರೆ

ಒಂದೇ ದಿನ, ಗಟ್ಟಿ ಕಾಲು, ಕಾರು ಅಥವಾ ಟ್ಯಾಕ್ಸಿಗೆ ದುಡ್ಡು ಇದ್ದರೆ ಟೆರ್ಮೆಸ್ಸೋಸ್. ನಾನು ಇದನ್ನು ಯೋಚಿಸದೆ ಹೇಳುತ್ತೇನೆ. ಮನೆಮಂದಿಯೆಲ್ಲ ಇದ್ದರೆ ಬೆಳಗ್ಗೆ ಫಸೆಲಿಸ್, ಸಂಜೆ ಯನಾರ್‌ತಾಶ್, ರಾತ್ರಿ ಚಿರಾಲಿಯಲ್ಲೇ ತಂಗುವುದು. ಎರಡು ದಿನವಿದ್ದರೆ ಇವೆರಡನ್ನೂ ಮಾಡಿ, ಬೆಲ್ಲೆರೋಫೋನನ ಎರಡೂ ಯುದ್ಧಭೂಮಿಗಳನ್ನು ನೋಡಿದಂತಾಗುತ್ತದೆ. ಕ್ಯೋಪ್ರುಲು ಮೂರನೆಯ ದಿನಕ್ಕೆ, ಇಲ್ಲವೇ ಜೊತೆಗಾರರಲ್ಲಿ ಅರ್ಧ ಜನಕ್ಕೆ ಕಲ್ಲು ಬೇಡ ನೀರು ಬೇಕು ಎಂದಾಗ.

ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯ ತಿಂಗಳುಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ನಮ್ಮ ರಾಯಚೂರಿನ ಬೇಸಿಗೆಯನ್ನು ನೆನಪಿಸುತ್ತದೆ, ಕಾಳ್ಗಿಚ್ಚಿನ ಭಯದಿಂದ ಕಾಡಿಗೆ ಪ್ರವೇಶ ನಿರ್ಬಂಧಿಸುವುದೂ ಉಂಟು. ಅಲ್ಲಿ ಮಳೆಗಾಲವೆಂದರೆ ಚಳಿಗಾಲ, ನಮ್ಮ ಲೆಕ್ಕಕ್ಕೆ ತಿರುವುಮುರುವು. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಇಲ್ಲವೇ ವಾಸದ ಪರವಾನಗಿ ಇರುವವರು ಇ-ವೀಸಾಕ್ಕೆ ಅರ್ಜಿ ಹಾಕಬಹುದಾದ್ದರಿಂದ ಜರ್ಮನಿ, ಇಂಗ್ಲೆಂಡಿನ ಕನ್ನಡಿಗರಿಗೆ ದಾರಿ ಹಗುರ. ಹೊರಡುವ ಮೊದಲು ನಿಯಮ ಒಮ್ಮೆ ನೋಡಿಕೊಳ್ಳಿ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಬೆಟ್ಟದ ದಾರಿಗಳ ಪಕ್ಕದಲ್ಲಿ ಹೆಂಗಸರು ದೊಡ್ಡ ಉಬ್ಬು ಹೆಂಚಿನ ಮೇಲೆ ಗ್ಯೋಜ್ಲೆಮೆ ಬೇಯಿಸುತ್ತಾರೆ. ತೆಳುವಾಗಿ ಲಟ್ಟಿಸಿದ ರೊಟ್ಟಿಯೊಳಗೆ ಪಾಲಕ್ ಅಥವಾ ಆಲೂಗಡ್ಡೆ ಅಥವಾ ಬಿಳಿ ಚೀಸ್. ಮಾಂಸದ್ದೂ ಇರುವುದರಿಂದ ಕೇಳಿ ತೆಗೆದುಕೊಳ್ಳಿ. ಜೊತೆಗೆ ಅಯ್ರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಒಗ್ಗರಣೆ ಇಲ್ಲ ಎಂಬುದೊಂದೇ ಕೊರತೆ.